ದೂರು ಖಾತೆಯ ದಿಡ್ಡಿ ಬಾಗಿಲು

ಮಾರ್ಚ್ 3, ಸೋಮವಾರ

ಸರ್ವರ್ ಕೋಣೆಯ ಎಸಿ ಮತ್ತೆ ಸೋರುತ್ತಿದೆ. ಬಕೆಟ್ ಬದಲಿಸಿದೆ. ನೀರು ಸರಬರಾಜು ಕಚೇರಿಯಲ್ಲಿ ಸೋರುವ ನೀರಿಗೆ ಬಕೆಟ್ ಇಡುವುದೂ ಮೇಲ್ ನೋಡಿಕೊಳ್ಳುವವನ ಪಾಲಿಗೇ!

ಮೇಜಿನ ಮೇಲೆ ನಿರ್ದೇಶಕರ ಆದೇಶ. ಜನರ ದೂರು ಖಾತೆಯನ್ನು ನಮ್ಮ ಮೇಲ್ ಸರ್ವರ್‌ಗೆ ಜೋಡಿಸಬೇಕಂತೆ. ಆ ಖಾತೆ ಹೊರಗಿನ ವೆಬ್‌ಮೇಲ್‌ನದು. ಬೇಕೆಂದೇ ಹೊರಗಿಟ್ಟದ್ದು. ಹತ್ತೊಂಬತ್ತು ವರ್ಷದ ಹಿಂದೆ ಕಾಮಾಲೆ ಹರಡಿದಾಗ ದೂರುಗಳೆಲ್ಲ ಇದೇ ಕಚೇರಿಯ ಕಪಾಟಿನಲ್ಲಿ ಕೊಳೆತಿದ್ದವು. ನಾಗರಿಕ ಸಮಿತಿ ಹಟ ಹಿಡಿದು ಖಾತೆ ತೆರೆಸಿತು. ಊರು ಮರೆತಿದೆ. ನಾನು ಮರೆತಿಲ್ಲ. ಇಲ್ಲಿನವರು ನನ್ನನ್ನು ‘ಹಳೇ ಗೆಜೆಟ್ಟು’ ಅನ್ನುವುದು ಸುಮ್ಮನಲ್ಲ.

ಸಮಿತಿಯ ಟೀಚರಮ್ಮನಿಗೆ ಫೋನ್ ಮಾಡಿದೆ. ಒಪ್ಪಿದರು. ಖಾತೆ ತುಂಬಿ ಎರಡು ಸಲ ದೂರುಗಳು ವಾಪಸ್ ಹೋಗಿವೆ. ಸರ್ವರ್‌ನಲ್ಲಿ ಬೇರೆ ಪೆಟ್ಟಿಗೆ — ಅವರು, ನಾನು, ಇಬ್ಬರೇ ತೆರೆಯಬಲ್ಲದ್ದು.

ಮಾರ್ಚ್ 4

ದೂರು ಖಾತೆಯ ಪಾಸ್‌ವರ್ಡ್ ಮುಂದಿನ ಕೌಂಟರಿನ ಕೀಬೋರ್ಡ್ ಕೆಳಗೆ, ಚೀಟಿಯಲ್ಲಿ! ಏಳು ಜನಕ್ಕೆ ಗೊತ್ತು. ಟೈಪಿಸ್ಟ್ ನಗುತ್ತಾಳೆ: “ನೀವೊಬ್ರೇ ಕೇಳಿದ್ದು ಸಾರ್, ಉಳಿದೋರಿಗೆಲ್ಲ ಬಾಯಿಪಾಠ.”

ಬದಲಿಸಿದೆ. ಎರಡು ಹಂತದ ದೃಢೀಕರಣ ಹಾಕಿದೆ. ಸರ್ವರ್‌ಗೆಂದೇ ಬೇರೆ ಪಾಸ್‌ವರ್ಡ್. ಚೀಟಿ ಹರಿದು ಬಕೆಟ್ಟಿಗೆ.

ಮಾರ್ಚ್ 5

ಊಟಕ್ಕೆ ತಂಗಿ ಬಂದಳು. ಮೇಲಿನ ಮಹಡಿಯ ಲ್ಯಾಬಿನಲ್ಲಿ ನೀರು ಪರೀಕ್ಷಿಸುತ್ತಾಳೆ. ಗುತ್ತಿಗೆ ಕೆಲಸ. ಡಬ್ಬಿ ತೆಗೆದವಳು ಕೈ ಹಾಕಲಿಲ್ಲ.

“ಅಣ್ಣಾ, ಮೂರನೇ ಟ್ಯಾಂಕಲ್ಲಿ ಚರಂಡಿ ನೀರು ಸೇರ್ತಿದೆ. ಐದು ವಾರದಿಂದ. ನಾನು ಬರೆಯೋದೊಂದು, ವರದೀಲಿ ಬರೋದೊಂದು.”

“ದೂರು ಖಾತೆಗೆ ಬರಿ.”

“ಯಾರು ಓದ್ತಾರೆ?”

“ಟೀಚರಮ್ಮ. ದಾರಿ ಪೂರಾ ನಾನೇ ಭದ್ರ ಮಾಡ್ತಿದೀನಿ. ಇರುವೆ ಕೂಡ ನುಸುಳಲ್ಲ.”

“ನಿನ್ನ ಭಾಷಣ ಕೇಳಿ ಕೆಟ್ಟೋರು ಎಷ್ಟು ಜನಾನೋ!” ನಕ್ಕಳು. ಆಮೇಲೆ ಉಂಡಳು.

ಮಾರ್ಚ್ 6

ಜೋಡಣೆ ಶುರು. ಗುಪ್ತಲಿಪಿಯ ಸಂಪರ್ಕ ಮಾತ್ರ, ಬೇರೆಯದಕ್ಕೆ ಅವಕಾಶವೇ ಇಲ್ಲ. ಎದುರಿನ ಸರ್ವರ್ ತನ್ನ ಗುರುತಿನ ಪ್ರಮಾಣಪತ್ರ ತೋರಿಸಬೇಕು; ಅನುಮಾನ ಬಂದರೆ ನಮ್ಮದು ನಿಂತುಬಿಡಬೇಕು. ಎರಡು ಸಲ ನಿಂತಿತು. ನಿರ್ದೇಶಕರು ಬಾಗಿಲಲ್ಲಿ:

“ಏನ್ರೀ ಗೆಜೆಟ್ಟು, ಇನ್ನೂ ಆಗ್ಲಿಲ್ವಾ? ಆ ಪ್ರಮಾಣಪತ್ರ ಗಿಮಾಣಪತ್ರ ತೆಗೆದು ಹಾಕಿ.”

“ತೆಗೆಯಲ್ಲ ಸಾರ್. ನಡುವೆ ಯಾರಾದ್ರೂ ಕೂತು ಓದಬಹುದು.”

“ಸರಿ ಮಾರಾಯ್ರೇ. ನೀವು ಭದ್ರ ಮಾಡಿ. ಒಟ್ನಲ್ಲಿ ಮೇಲ್ ಒಳಗೆ ಬರ್ಲಿ, ಸಾಕು.”

ಸರ್ವರ್‌ನ ಗಡಿಯಾರ ಹಿಂದೆ ಬಿದ್ದಿತ್ತು, ಅದಕ್ಕೇ ತಕರಾರು. ಸರಿಪಡಿಸಿದೆ. 11.40ಕ್ಕೆ ಮೊದಲ ದೂರು ಬಂದು ಪೆಟ್ಟಿಗೆಗೆ ಬಿತ್ತು. ಎದೆಯುಬ್ಬಿತು, ಸುಳ್ಳೇಕೆ.

ತಂಗಿಗೆ ಹೇಳಿದೆ: ಈಗ ಕಳಿಸು.

ಮಾರ್ಚ್ 11

ತಂಗಿ ಊಟಕ್ಕೆ ಬರಲಿಲ್ಲ. ನಿರ್ದೇಶಕರ ಕೋಣೆಯಲ್ಲಿ ಒಂದು ಗಂಟೆ. ಹೊರಬಂದವಳು ಮೆಟ್ಟಿಲ ಬಳಿ ಹೇಳಿದ್ದು ಇಷ್ಟೇ: “ನನ್ನ ಪತ್ರ ಅವರ ಮೇಜಿನ ಮೇಲಿದೆ. ಪ್ರಿಂಟು.”

ಹೆಸರು ಹಾಕಿರಲಿಲ್ಲ. ಆದರೆ ಜೊತೆಗೆ ಕಳಿಸಿದ್ದ ಲ್ಯಾಬ್ ಪುಸ್ತಕದ ಫೋಟೋದಲ್ಲಿ ಅವಳ ಕೈಬರಹ.

ಮಧ್ಯಾಹ್ನ 3

ದಾಖಲೆಗಳನ್ನೆಲ್ಲ ಜಾಲಾಡಿದೆ. ಯಾರೂ ನುಗ್ಗಿಲ್ಲ. ಸಂಪರ್ಕ ಅಚ್ಚುಕಟ್ಟು. ಪೆಟ್ಟಿಗೆ ತೆರೆದವರು ಟೀಚರಮ್ಮ, ನಾನು.

ಮಧ್ಯಾಹ್ನ 4

ಸಿಕ್ಕಿತು.

ಸರ್ವರ್‌ನಲ್ಲಿ ಒಂದು ಹಳೆಯ ನಿಯಮ: ಹೊರಗಿನಿಂದ ಬರುವ ಪ್ರತಿ ಮೇಲ್‌ನ ಒಂದು ಪ್ರತಿ ನಿರ್ದೇಶಕರಿಗೆ. ದೂರು ಖಾತೆಯಿಂದ ಎಳೆದು ತಂದದ್ದೂ ಸರ್ವರ್ ಪಾಲಿಗೆ ಹೊರಗಿನಿಂದ ಬಂದದ್ದೇ. ಆ ನಿಯಮ ಬರೆದವರು ಯಾರೆಂದು ಪಕ್ಕದಲ್ಲೇ ಇದೆ. ನಾನು. ಹನ್ನೊಂದು ವರ್ಷದ ಹಿಂದೆ. ಹೊಸದಾಗಿ ಬಂದಿದ್ದ ಇದೇ ನಿರ್ದೇಶಕರು ಕೇಳಿದ್ದರು — ಮೊದಲು ತಪಾಲು ಪೂರ್ತಿ ಸಾಹೇಬರ ಮೇಜಿಗೆ ಹೋಗಿ ಬರುತ್ತಿತ್ತಲ್ಲ, ಮೇಲ್ ಯಾಕೆ ಬೇಡ? ನಾನು ಹಾಕಿಕೊಟ್ಟೆ. ಮರೆತೆ.

ಅವರು ಮರೆತಿರಲಿಲ್ಲ. ‘ಒಟ್ನಲ್ಲಿ ಒಳಗೆ ಬರ್ಲಿ, ಸಾಕು.’

ಕೋಟೆಗಳ ಇತಿಹಾಸ ಎಷ್ಟು ಓದಿಲ್ಲ ನಾನು! ಹೆಬ್ಬಾಗಿಲು ಒಡೆದು ಗೆದ್ದವರು ಕಡಿಮೆ. ದಿಡ್ಡಿ ಬಾಗಿಲು ಯಾವಾಗಲೂ ಒಳಗಿನವನೇ ತೆರೆದಿಟ್ಟದ್ದು.

ನಿಯಮ ಅಳಿಸಿದೆ. ಯಾವ ಪುರುಷಾರ್ಥಕ್ಕೆ?

ಮಾರ್ಚ್ 14

ತಂಗಿಯನ್ನು ತೆಗೆದರು. ಲ್ಯಾಬ್ ಪುಸ್ತಕ ಕಾಣೆ. ಫೋಟೋ ನಕಲಿ ಎಂದು ನಿರ್ದೇಶಕರು ಸಮಿತಿಗೆ ಬರೆದಿದ್ದಾರೆ. ‘ಅದು ನನ್ನದಲ್ಲ’ ಎಂದು ಸಹಿ ಹಾಕಿದರೆ ತಂಗಿಗೆ ಕೆಲಸ ವಾಪಸ್ಸಂತೆ. ‘ನನ್ನದೇ’ ಎಂದು ಅವಳು ಸಮಿತಿಯ ಮುಂದೆ ನಿಂತರೆ ಮಾತ್ರ ಟ್ಯಾಂಕ್ ಮುಚ್ಚಿಸಬಹುದು, ಟೀಚರಮ್ಮ ಹೇಳಿದರು. ನನ್ನ ಹಳೆಯ ನಿಯಮದ ವಿಷಯ ಅವರೊಬ್ಬರಿಗೇ ತಿಳಿಸಿದ್ದೆ. “ಪತ್ರ ಹೇಗೆ ಸೋರಿತು ಅಂತ ಅವಳು ಕೇಳ್ತಾಳೆ. ನೀವೇ ಹೇಳಿ. ನನ್ನ ಬಾಯಲ್ಲಿ ಬೇಡ.”

ಮೂರನೇ ಟ್ಯಾಂಕಿನ ನೀರು ಇವತ್ತೂ ಬಿಟ್ಟರು. ಆ ಬೀದಿಗಳಲ್ಲಿ ಎರಡು ಶಾಲೆಗಳಿವೆ.

ಮಾರ್ಚ್ 16, ಭಾನುವಾರ

ತಂಗಿ ಬಂದಿದ್ದಾಳೆ. ಅಡುಗೆಮನೆಯಲ್ಲಿ ನೀರು ಕುದಿಸುತ್ತಿದ್ದಾಳೆ. ನನ್ನ ಹೆಂಡತಿ ಮಾಡಲು ಹೋದರೂ ಬಿಡಲಿಲ್ಲ. “ಹತ್ತು ನಿಮಿಷ ಚೆನ್ನಾಗಿ ಕುದೀಲಿ ಅತ್ತಿಗೆ. ನಿಮಗೆ ಅವಸರ ಜಾಸ್ತಿ.”

ಸೋಮವಾರ ಸಮಿತಿಯ ಮುಂದೆ ನಿಲ್ಲುತ್ತಾಳಂತೆ. ಈಗಷ್ಟೇ ಹೇಳಿದಳು.

“ಹೆದರಿಕೆ ಇತ್ತಣ್ಣ. ಆದ್ರೆ ನೀನಿದೀಯಲ್ಲ. ದಾರಿ ನೀನು ಭದ್ರ ಮಾಡಿದ್ದೆ, ಅದನ್ನೂ ಒಡೆದಿದಾರೆ ಅಂದ್ರೆ ಎಂಥಾ ಕಳ್ಳರಿರಬೇಕು! ಅದನ್ನೂ ಹೇಳ್ತೀನಿ ಅಲ್ಲಿ. ನೀನೂ ಬಂದು ಹೇಳು.”

ಕನ್ನಡಕ ತರುತ್ತೇನೆಂದು ಎದ್ದು ಈ ಕೋಣೆಗೆ ಬಂದೆ. ಕನ್ನಡಕ ಮೂಗಿನ ಮೇಲೇ ಇದೆ. ಹೇಳಿದರೆ ಅವಳು ನಿಲ್ಲುತ್ತಾಳೋ ಇಲ್ಲವೋ. ಹೇಳದಿದ್ದರೆ ನಾಳೆ ನಿರ್ದೇಶಕರೇ ಎಲ್ಲರೆದುರು, ಅಳಿಸಿದರೂ ಸರ್ವರ್ ದಾಖಲೆಯಲ್ಲಿ ಉಳಿದಿರುವ ಆ ನಿಯಮ ತೆಗೆದು ತೋರಿಸುತ್ತಾರೆ, ನನ್ನ ಹೆಸರು ಸಮೇತ.

ಕರೆಯುತ್ತಿದ್ದಾಳೆ. “ಅಣ್ಣಾ, ಸಿಗ್ತಾ?”

ಹೋಗಿ, ಮೊದಲು ಒಲೆ ಆರಿಸಿ, ಆಮೇಲೆ ಅವಳಿಗೆ ಎಲ್ಲ ಹೇಳುತ್ತೇನೆ.