ಅದು ಸರ್ಕಾರಕ್ಕೆ, ಇದು ನನಗೆ

ಮಾರ್ಚ್ ೬, ಗುರುವಾರ

ಪ್ರೀತಿಯ ಗುಬ್ಬಿ,

ಬೈಯೋದಿದ್ರೆ ಮೊದಲೇ ಬೈದುಬಿಡು, ಆಮೇಲೆ ಓದು. ನಿನ್ನ ಕಾಗದ ಬಂದು ಐದು ತಿಂಗಳಾಯ್ತು. ಮೇಜಿನ ಮೇಲೆ ಕಣ್ಣೆದುರಿಗೇ ಇತ್ತು. ನಾಳೆ ಬರೆಯೋಣ, ನಾಳೆ ಬರೆಯೋಣ ಅಂತ ಇಲ್ಲಿಗೆ ಬಂತು. ನಿನ್ನ ಮಂಡಿನೋವು ಹೇಗಿದೆ? ಇಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದೀವಿ. ನಿನ್ನ ಭಾವನಿಗೆ ಮಾತ್ರ ಕಿವಿ ಸ್ವಲ್ಪ ಮಂದ ಆಗಿದೆ, ಅದೂ ನಾನು ಮಾತಾಡುವಾಗ.

ಗ್ಯಾಲರಿ ವಿಷಯ ಹೇಳಲೇಬೇಕು ಕಣೇ. ಹದಿನಾಲ್ಕು ವರ್ಷದಿಂದ ಈ ಎರಡು ರೂಮು ಇಟ್ಕೊಂಡು ಹೊಸ ಫೋಟೋಗ್ರಾಫರುಗಳನ್ನ ಹುಡುಕ್ತಾ ಊರೂರು ಅಲೆದಿದೀನಿ. ಕಾಲೇಜು, ಸ್ಪರ್ಧೆ, ಯಾರದೋ ಮನೆಯ ಮಹಡಿ, ಯಾವುದನ್ನೂ ಬಿಟ್ಟಿಲ್ಲ. ಈ ಸಲ ಸಿಕ್ಕಿದ್ದು ಎಲ್ಲಿ ಅಂತೀಯಾ? ನಮ್ಮ ಹಿಂದಿನ ರಸ್ತೇಲಿ, ಹಲ್ಲಿನ ಡಾಕ್ಟರ ಮೇಲ್ಗಡೆ ಇರೋ ಸ್ಟುಡಿಯೋದಲ್ಲಿ! ಲೈಸೆನ್ಸ್ ರಿನ್ಯೂ ಮಾಡಿಸೋಕೆ ಫೋಟೋ ಬೇಕಿತ್ತು, ಹೋದೆ.

ಅರವತ್ತು ದಾಟಿದ ಹೆಂಗಸು, ಮಾತು ಕಡಿಮೆ. "ಗದ್ದ ಕೆಳಗೆ. ನಗಬೇಡಿ," ಅಂದ್ರು. ಸ್ಟ್ಯಾಂಡಿನ ಮೇಲಿದ್ದ ಕ್ಯಾಮೆರಾ ಕ್ಲಿಕ್ ಅಂತು. "ಆಯ್ತು," ಅಂದ್ರು. ನಾನು ಉಸಿರು ಬಿಟ್ಟು ಕನ್ನಡಕ ತಡಕಾಡ್ತಿದ್ದೆ. ಅಷ್ಟರಲ್ಲಿ ಕೈಯಲ್ಲಿದ್ದ ಹಳೇ ರೀಲ್ ಕ್ಯಾಮೆರಾದಿಂದ ಇನ್ನೊಂದು ಕ್ಲಿಕ್!

"ಏನ್ರೀ ಇದು, ಹೇಳದೆ ಕೇಳದೆ?" ಅಂತ ರೇಗಿದೆ. ನನ್ನ ಕೋಪ ಗೊತ್ತಲ್ಲ, ಮೂಗಿನ ತುದೀಲೇ ಇರುತ್ತೆ.

ಅವರು ತಣ್ಣಗೆ, "ಅದು ಸರ್ಕಾರಕ್ಕೆ, ಇದು ನನಗೆ. ಬೇಡ ಅಂದ್ರೆ ಪ್ರಿಂಟ್ ಹಾಕಲ್ಲ," ಅಂದ್ರು.

ಇಂಥವು ಎಷ್ಟಿವೆ ಅಂತ ಕೇಳಿದೆ. ಒಳಗಿನ ಕೋಣೆಗೆ ಕರ್ಕೊಂಡು ಹೋದ್ರು. ಗೋಡೆ ಪೂರ್ತಿ ಚಪ್ಪಲಿ ಡಬ್ಬಿಗಳು, ಮೂವತ್ತೊಂದು ವರ್ಷದ್ದು.

ಗುಬ್ಬಿ, ಹೇಗೆ ಹೇಳಲಿ? ಅಂಗೈಯಗಲದ ಪ್ರಿಂಟುಗಳು, ಎಲ್ಲಾ "ಆಯ್ತು" ಅಂದ ಮರುಕ್ಷಣದ ಮುಖಗಳು. ಎದೆ ಸೆಟೆಸಿಕೊಂಡು ಬಂದಿದ್ದ ಪೊಲೀಸಪ್ಪ ಒಂದೇ ಸಲಕ್ಕೆ ಸುಸ್ತಾದ ಅಪ್ಪ ಆಗಿಬಿಟ್ಟಿದಾನೆ. ಕೆಲಸದ ಅರ್ಜಿಗೆ ಬಂದ ಹುಡುಗಿ, ಕ್ಯಾಮೆರಾ ತನ್ನನ್ನ ಬಿಟ್ಟಿತು ಅಂದ್ಕೊಂಡು, ಅಳು ನುಂಗ್ತಿದಾಳೆ. ಒಬ್ಬ ಮುದುಕ "ಆಯ್ತು" ಅಂದದ್ದನ್ನ ನಂಬದೆ ಇನ್ನೂ ಉಸಿರು ಹಿಡ್ಕೊಂಡೇ ಕೂತಿದಾನೆ. ನೆಲದ ಮೇಲೇ ಕೂತು ಒಂದಾದ ಮೇಲೊಂದು ಡಬ್ಬಿ ತೆಗೆದೆ. ಇಷ್ಟು ವರ್ಷ ಫೋಟೋ ನೋಡ್ತಿದೀನಿ ಅಂತ ಬೀಗ್ತಿದ್ದೆನಲ್ಲ, ಮನುಷ್ಯರ ಮುಖವನ್ನ ಅವತ್ತೇ ಮೊದಲು ನೋಡಿದೆ ಅನ್ನಿಸ್ತು.

ನಮ್ಮ ಫ್ರೇಮ್ ಹಾಕೋರು ಗೊತ್ತಲ್ಲ, ಏನು ಕೊಟ್ರೂ ಗೊಣಗೋ ಆಸಾಮಿ. ಈ ಪ್ರಿಂಟುಗಳನ್ನ ಕೈಗೆತ್ಕೊಂಡು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದ್ರು. "ಇವರೆಲ್ಲ ನಮ್ಮನ್ನ ನಂಬಿಬಿಟ್ಟಿದಾರೆ ಮೇಡಂ," ಅಂದ್ರು ಕೊನೆಗೆ. ಹತ್ತು ಪ್ರಿಂಟು ದೊಡ್ಡ ಮ್ಯೂಸಿಯಂಗೆ ಕಳಿಸಿದ್ದೆ. ಅಲ್ಲಿನ ಮುಖ್ಯಸ್ಥೆ ರೈಲು ಹತ್ತಿ ಬಂದೇಬಿಟ್ರು. ಮಧ್ಯಾಹ್ನ ಪೂರ್ತಿ ನಿಂತು ನೋಡಿ, "ಇಷ್ಟು ದಿನ ಎಲ್ಲಿದ್ರಿ ನೀವು?" ಅಂತ ಸ್ಟುಡಿಯೋದವರನ್ನ ಕೇಳಿದ್ರು. "ಹಲ್ಲಿನ ಡಾಕ್ಟರ ಮೇಲ್ಗಡೆ," ಅಂದ್ರು ಪುಣ್ಯಾತ್ಗಿತ್ತಿ! ನಮ್ಮಲ್ಲಿ ಪ್ರದರ್ಶನ ಮುಗಿದ ಮೇಲೆ ಎಲ್ಲ ಚಿತ್ರಗಳೂ ಮ್ಯೂಸಿಯಂಗೆ ಹೋಗ್ತವೆ. ನನ್ನ ಜನ್ಮ ಸಾರ್ಥಕ ಅನ್ನೋಕೆ ಅಷ್ಟು ಸಾಕು.

ಈಗ ನಿನ್ನ ವಿಷಯಕ್ಕೆ ಬರ್ತೀನಿ. ಸ್ಟುಡಿಯೋದವರದ್ದೊಂದು ಹಠ ಇದೆ: ಗೋಡೆಗೇರೋ ಪ್ರತಿ ಮುಖಕ್ಕೂ ಬರಹದಲ್ಲಿ ಒಪ್ಪಿಗೆ ಬೇಕು, ತೀರಿಹೋದವರಾದ್ರೆ ಮಕ್ಕಳೆಲ್ಲರ ಸಹಿ ಬೇಕು. ಚಪ್ಪಲಿ ಸವೆಸಿ ನಲವತ್ತು ಒಪ್ಪಿಗೆ ತಂದೆ. ನಲವತ್ತೊಂದನೆಯದು ನಮ್ಮ ಅಮ್ಮ.

ಹೌದು ಕಣೇ, ಅಮ್ಮ. ಎಂಟನೇ ಡಬ್ಬೀಲಿ ಸಿಕ್ಕಿದ್ಲು. ಪಿಂಚಣಿ ಕಾರ್ಡಿಗೋ ಏನೋ ತೆಗೆಸಿರಬೇಕು. ನಗುವಾಗ ಮುರಿದ ಹಲ್ಲು ಕಾಣಬಾರದು ಅಂತ ಬಾಯಿಗೆ ಕೈ ಅಡ್ಡ ಹಿಡೀತಿದ್ಲಲ್ಲ? ಇದರಲ್ಲಿ ಆ ಕೈ ಇನ್ನೂ ಅರ್ಧ ದಾರೀಲಿದೆ. ಅಷ್ಟರಲ್ಲಿ ನಗು ಪೂರ್ತಿ ಹೊರಗೆ ಬಂದಿದೆ. ಅಮ್ಮ ಹಾಗೆ ನಕ್ಕಿದ್ದನ್ನ ನಾನಂತೂ ನೋಡಿರಲಿಲ್ಲ. ಪಕ್ಕದ ಮನೆಗೆ ಹೊಸದಾಗಿ ಬಂದ ಹುಡುಗಿ ಥರ ಕಾಣ್ತಾಳೆ. ಸ್ಟುಡಿಯೋದವರ ಪ್ರಕಾರ ಮೂವತ್ತೊಂದು ವರ್ಷದಲ್ಲಿ ಇದೇ ಅವರ ಅತ್ಯುತ್ತಮ ಚಿತ್ರ. ಬಾಗಿಲ ಎದುರಿನ ಗೋಡೆ ಇದಕ್ಕೇ ಅಂತ ಬಿಟ್ಟಿದಾರೆ. ನಿನ್ನ ಸಹಿ ಬರದಿದ್ರೆ ತೂಗುಹಾಕಲ್ಲ ಅಂತ ಖಡಾಖಂಡಿತವಾಗಿ ಹೇಳಿದಾರೆ. ಪ್ರದರ್ಶನ ಶುರುವಾಗೋದು ಈ ತಿಂಗಳು ಇಪ್ಪತ್ತೆಂಟಕ್ಕೆ. ಪ್ರಿಂಟಿನ ಪ್ರತಿ, ಒಪ್ಪಿಗೆ ಪತ್ರ ಎರಡೂ ಈ ಲಕೋಟೇಲಿವೆ.

ಮಕ್ಕಳಿಗೆ ನನ್ನ ಮುತ್ತು ಕೊಡು. ಬಿಸಿನೀರಿನ ಶಾಖ ಬಿಡಬೇಡ. ನೀನು, ನಿನ್ನ ಮನೆ ಯಾವತ್ತೂ ತಣ್ಣಗಿರಲಿ ತಾಯಿ.

ನಿನ್ನ
ಅಕ್ಕ

ತಾಜಾ ಕಲಂ: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೀನಿ. ಪಿಂಚಣಿ ಕಾರ್ಡ್ ಅಂತ ಬರೆದದ್ದು ಸುಳ್ಳು. ಅದು ಪಾಸ್‌ಪೋರ್ಟಿಗೆ ತೆಗೆಸಿದ ಫೋಟೋ. "ಚಿಕ್ಕವಳ ಹತ್ರ ಹೋಗ್ತಿದೀನಿ," ಅಂತ ಸ್ಟುಡಿಯೋದವರಿಗೆ ಹೇಳಿ ಅಮ್ಮ ಹಾಗೆ ನಕ್ಕಿದ್ದು. "ಹೋಗಿ ಬಂದ್ರಾ?" ಅಂತ ಅವರು ನನ್ನ ಕೇಳಿದ್ರು. ಹೂಂ ಅಂದೆ.

ನೀನು ಕರೆದಾಗೆಲ್ಲ "ಅಮ್ಮನಿಗೆ ವಿಮಾನ ಅಂದ್ರೆ ಭಯ, ಒಲ್ಲೆ ಅಂತಾಳೆ," ಅಂತ ಬರೀತಿದ್ದೆನಲ್ಲ, ಅವಳು ಯಾವತ್ತೂ ಒಲ್ಲೆ ಅನ್ನಲಿಲ್ಲ. ಗ್ಯಾಲರಿಗೆ ಆಗ ಒಂದು ವರ್ಷ. ಮನೆ, ನನ್ನ ಮಕ್ಕಳು, ಎಲ್ಲ ಅವಳ ಕೈಯಲ್ಲೇ ಇತ್ತು. ಅವಳು ಹೋಗಿದ್ರೆ ಗ್ಯಾಲರಿ ಬಾಗಿಲು ಮುಚ್ಚಬೇಕಿತ್ತು. ಅಂಚೇಲಿ ಪಾಸ್‌ಪೋರ್ಟ್ ಬಂದಾಗ ಅವಳು ಮನೇಲಿರಲಿಲ್ಲ. ತೆಗೆದು ಬೀರುವಿನಲ್ಲಿಟ್ಟೆ. ಅಮ್ಮ ಕೇಳಿದಾಗ, "ಅರ್ಜಿ ತಳ್ಳಿಹಾಕಿರಬೇಕು ಬಿಡು, ಗುಬ್ಬಿಗೂ ಈಗ ಅನುಕೂಲ ಇಲ್ಲವಂತೆ," ಅಂದೆ. "ಅವಳಿಗೆ ತೊಂದರೆ ಕೊಡೋದು ಬೇಡ," ಅಂದ್ಲು. ಆಮೇಲೆ ಎರಡು ವರ್ಷ ಬದುಕಿದ್ಲು, ಮತ್ತೆ ಕೇಳಲಿಲ್ಲ.

ಪಾಸ್‌ಪೋರ್ಟನ್ನೂ ಇದರಲ್ಲೇ ಇಟ್ಟಿದೀನಿ. ಒಂದು ಪುಟದಲ್ಲೂ ಮುದ್ರೆ ಬಿದ್ದಿಲ್ಲ. ಸಹಿ ಹಾಕೋದು ಬಿಡೋದು ನಿನ್ನಿಷ್ಟ. ಹಾಕದಿದ್ರೂ ಅದನ್ನ ಮಾತ್ರ ನನಗೆ ವಾಪಸ್ ಕಳಿಸಬೇಡ.