ಎರಡು ಬ್ಲಾಕಿನ ಹೂವು

ಮಾರ್ಚ್ ೩, ಸೋಮವಾರ

ಬಸರೀಕಟ್ಟೆ ಬಸ್ ತಪ್ಪಿತು. ಎಸ್ಟೇಟ್ ಜೀಪಿನಲ್ಲಿ ತೂರಿಕೊಂಡು ಕೊಪ್ಪ, ಅಲ್ಲಿಂದ ಬಾಳಗಡಿ ಕಾಲೇಜು. ಎರಡು ಫಿಸಿಕ್ಸ್ ಕ್ಲಾಸ್ ತಗೊಂಡೆ. ಆಮೇಲೆ ನನ್ನ ಪಿಎಚ್‌ಡಿ ಗೈಡ್ ಮಹೇಶ್ವರ ಸರ್ ಫೋನ್— ಥೀಸಿಸ್ಸಿನ ಕೊನೇ ಅಧ್ಯಾಯ ಎಲ್ಲಿ?

ಅಧ್ಯಾಯ ಇದೆ. ಕೊನೆ ಇಲ್ಲ. ಹಿಗ್ಸ್ ಕಣದ ದ್ರವ್ಯರಾಶಿ ಇಷ್ಟು ಕಡಿಮೆ ಬರಬೇಕಾದರೆ, ನನ್ನ ಮಾದರಿಯಲ್ಲಿ ಎರಡು ದೈತ್ಯ ಸಂಖ್ಯೆಗಳು ಒಂದನ್ನೊಂದು ಹೆಚ್ಚೂಕಡಿಮೆ ಪೂರ್ತಿ ಹೊಡೆದುಹಾಕಬೇಕು. ಅಷ್ಟು ಸರಿಯಾಗಿ ಯಾಕೆ ಹೊಂದಿಕೊಳ್ಳುತ್ತವೆ? ಗೊತ್ತಿಲ್ಲ.

"ಲೆಕ್ಕವಿಲ್ಲದಷ್ಟು ವಿಶ್ವಗಳಿರಬಹುದು. ಹೊಂದಿಕೊಂಡದ್ದರಲ್ಲಿ ನಾವಿದ್ದೇವೆ. ಮಲ್ಟಿವರ್ಸ್ ಅಂತ ಒಂದು ಪ್ಯಾರಾ ಬರೆದು ಮುಗಿಸಮ್ಮ. ತಿಂಗಳ ಕೊನೆಗೆ ನಿನ್ನ ಅವಧಿ ಮುಗೀತದೆ" ಅಂದರು ಸರ್.

ಬರೆದೆ. ಓದಿದೆ. ಮೈ ಉರಿಯಿತು.

ಮಾರ್ಚ್ ೧೧

ತೋಟದಲ್ಲಿ ಬಂಗಲೆ ಹಿಂದಿನ ಬ್ಲಾಕ್, ಹಳ್ಳದಾಚೆಯ ಬ್ಲಾಕ್— ಎರಡರಲ್ಲೂ ಇವತ್ತೇ ಕಾಫಿ ಹೂವು. ನೀರು ಬಿದ್ದು ಎಂಟೊಂಬತ್ತು ದಿನಕ್ಕೆ ಅರಳುವ ಹೂವು ಇದು. ನಡುವಿನದೆಲ್ಲ ಒಣಗಿ ನಿಂತಿದೆ. ಸ್ಪ್ರಿಂಕ್ಲರ್ ಇನ್ನೂ ಶುರುವೇ ಮಾಡಿಸಿಲ್ಲ.

"ಒಂಬತ್ತು ದಿನದ ಹಿಂದೆ ಭಾನುವಾರ ಗುಡುಗಿತ್ತಲ್ಲ, ಮೋಡ ಅಲ್ಲಲ್ಲಿ ಸುರಿದು ಹೋಗಿದೆ ಮಾರಾಯ್ತಿ" ಅಂದರು ಎಸ್ಟೇಟಿನ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಪ್ರಕಾಶಣ್ಣ. ಎಲ್ಲರೂ ಒಪ್ಪಿದರು. ನನಗೆ ಸರ್ ನೆನಪಾದರು.

ಮಾರ್ಚ್ ೧೨

ರಜೆ ಹಾಕಿದೆ. ಹೂಬಿಟ್ಟ ಒಂದು ಬ್ಲಾಕಿನಿಂದ ಸ್ಪ್ರಿಂಕ್ಲರ್ ಪೈಪಿನ ಜಾಡು ಹಿಡಿದು ಇಳಿದೆ. ಇನ್ನೊಂದರಿಂದಲೂ ಇಳಿದೆ. ಎರಡೂ ಪಂಪ್‌ಹೌಸ್ ಹತ್ತಿರ ಒಂದೇ ಪೈಪಿಗೆ ಸೇರುತ್ತವೆ! ಪಂಪ್ ನೋಡಿಕೊಳ್ಳುವವನು ನನ್ನ ತಮ್ಮ ಸತೀಶ. ಮುಖ ನೋಡಿದರೇ ಗೊತ್ತಾಯಿತು.

"ಅಕ್ಕ, ಆ ಗುಡುಗಿದ ಭಾನುವಾರ ಪಂಪ್ ರಿಪೇರಿ ಮಾಡಿ ಟೆಸ್ಟಿಗೆ ಹಾಕಿದ್ದೆ. ಆಫ್ ಮಾಡ್ದೇನೇ ವಾಲಿಬಾಲ್ ನೋಡ್ಲಿಕ್ಕೆ ಹೋದೆ. ಎಲ್ರೂ ಮಳೆ ಅಂದ್ರು, ನಾನೂ ಹೂಂ ಅಂದೆ. ರೈಟರಿಗೆ ಹೇಳ್ಬೇಡ."

"ನಾನು ಹೇಳಲ್ಲ. ನೀನೇ ಹೇಳು."

ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ನಗು ನಿಂತಿತು. ನನ್ನ ಎರಡು ಸಂಖ್ಯೆಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ ಅಂತ ಹೇಳಿದವರು ಯಾರು? ನಾನೇ. ಪರೀಕ್ಷಿಸಿಯೇ ಇಲ್ಲ. ಮೋಡದ ಮಾತು ಸುಳ್ಳು ಅಂತಲ್ಲ, ನಿಜಕ್ಕೂ ಹಾಗೆ ಸುರಿಯುವ ವರ್ಷಗಳಿವೆ. ಪೈಪ್ ನೋಡದೆ ಮೋಡ ಅನ್ನಬಾರದು, ಅಷ್ಟೆ.

ಮಾರ್ಚ್ ೧೩

ಪ್ಯಾರಾ ತೆಗೆದಿದ್ದೇನೆ ಅಂತ ಸರ್‌ಗೆ ಹೇಳಿದೆ.

"ಹಾಗಾದರೆ ನನ್ನ ಸಹಿ ಇಲ್ಲ ಪವಿತ್ರಾ. ಐದು ವರ್ಷ ಹಾಳಾಗ್ತದೆ."

"ತಿಂಗಳ ಕೊನೆ ಇನ್ನೂ ಬಂದಿಲ್ಲ ಸರ್."

ಫೋನಿಟ್ಟೆ. ಹೆದರಿಕೆಯಾಯಿತು. ಆದರೂ ಆ ಪ್ಯಾರಾ ಬರೆಯಲಾರೆ. ಅಮ್ಮನಿಗೆ ಎಲ್ಲ ಹೇಳಿದೆ. "ಊಟ ಮಾಡಿ ಕೂತ್ಕೊ" ಅಂದಳು.

ಮಾರ್ಚ್ ೨೯, ಬೆಳಿಗ್ಗೆ

ಎರಡು ಸಂಖ್ಯೆಗಳೂ ಒಂದೇ ಮೂಲದಿಂದ ಹೊರಡುವ ಹಾಗೆ ಲೆಕ್ಕ ತಿದ್ದಿ ಆಯಿತು. ಲ್ಯಾಪ್‌ಟಾಪ್ ಕಾದುಹೋಗಿದೆ. ಮೊದಲು ಸಾವಿರಕ್ಕೊಂದು ಸಲ ಮಾತ್ರ ಆಗುವಂತಿದ್ದ ಹೊಂದಾಣಿಕೆ ಈಗ ಇನ್ನೂರಕ್ಕೊಂದು; ಅಂಕಿ ಇಳಿದಷ್ಟೂ ಆಕಸ್ಮಿಕದ ಪಾಲು ಕಡಿಮೆ. ಸಾಲದು. ಸರ್ ಒಪ್ಪುವುದಿಲ್ಲ.

ಕೊನೇ ರನ್ ಹಾಕಿದ್ದೇನೆ. ನೂರು... ಎಂಬತ್ತು. ಬಾಗಿಲಲ್ಲಿ ಸತೀಶ— ರೈಟರಿಗೆ ಹೇಳಿದನಂತೆ, ಬೈಸಿಕೊಂಡನಂತೆ. ಆಮೇಲೆ ಕೇಳುತ್ತೇನೆ. ನಲವತ್ತು. ಇನ್ನೂ ಇಳಿ—