ಪಳಗದ ನೀರಿಗೆ ಬಿಟ್ಟ ಮೀನು

ತಮ್ಮಾ,

ನಾನು ಡ್ಯೂಟಿಗೆ ಹೊರಟೆ. ಗಾಜಿನ ತೊಟ್ಟಿಯಲ್ಲಿ ಸಮುದ್ರ ಮಾಡುತ್ತೇನೆಂದು ಕುಣಿದೆಯಲ್ಲ, ಮಗಳಿಗೆಂದು ತಂದ ಕಿತ್ತಳೆ ಮೀನು ಎರಡೂ ಅದರಲ್ಲಿ ಸತ್ತು ತೇಲುತ್ತಿವೆ. ಬಿಟ್ಟವನು ನೀನು, ನೀನೇ ಎತ್ತು. ಟೀ ಸೋಸುವ ಜರಡಿ ಮುಟ್ಟಿದರೆ ಕೈ ಮುರಿಯುತ್ತೇನೆ.

ಪಂಪ್ ನಿಲ್ಲಿಸಬೇಡ, ಮೀನಿನ ಜೊತೆ ತಂದು ಇಟ್ಟ ಹವಳಕ್ಕೆ ಇನ್ನೂ ಜೀವ ಇದ್ದರೂ ಇರಬಹುದು. ನೀರು ಇಳಿದಿದ್ದರೆ ಸಿಹಿನೀರು ಹಾಕು, ಉಪ್ಪುನೀರಲ್ಲ. ಆರಿಹೋಗುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಇದನ್ನೂ ನಾನೇ ಹೇಳಬೇಕು.

‘ನೀರು ಪಳಗೋಕೆ ತಿಂಗಳಾದ್ರೂ ಬೇಕು ಸಾರ್, ಅಲ್ಲೀವರೆಗೂ ಮೀನು ಬಿಡ್ಬೇಡಿ’ ಎಂದು ಅಂಗಡಿಯವನು ಬಡಕೊಂಡ. ನೀನು ಬೇಯುವ ತನಕವೇ ಕಾಯುವವನಲ್ಲ, ಆರುವ ತನಕ ಎಲ್ಲಿ ಕಾಯುತ್ತೀಯ? ಮದುವೆಯಾಗಿದ್ದೂ ಹಾಗೇ, ಹೆಂಡತಿಯನ್ನು ಬಿಟ್ಟಿದ್ದೂ ಹಾಗೇ. ಭಾನುವಾರ ಮಗಳು ಬರುತ್ತಾಳೆಂದು ವಾರವೂ ತುಂಬದ ನೀರಿಗೆ ಮೀನು ಸುರಿದೆ.

ಅಂಥವೇ ಬೇರೆ ಎರಡು ತಂದು ಅವಳನ್ನು ನಂಬಿಸುವ ಯೋಚನೆ ಬಿಡು. ಬೆಳಿಗ್ಗೆ ಫೋನ್ ಮಾಡಿದ್ದಳು, ಇದ್ದದ್ದು ಇದ್ದ ಹಾಗೆ ಹೇಳಿದೆ. ಅತ್ತರೆ ಸಮಾಧಾನ ಮಾಡೋಣ ಎಂದುಕೊಂಡಿದ್ದೆ. ಅಳಲಿಲ್ಲ. ‘ಅಪ್ಪ ಅಲ್ವಾ ಅತ್ತೆ, ನಂಗೊತ್ತಿತ್ತು’ ಎಂದಳು.

ಊಟ ಮುಚ್ಚಿಟ್ಟಿದ್ದೇನೆ. ಗಂಟಲಲ್ಲಿ ಇಳಿದರೆ ಮಾಡು.

ಅಕ್ಕ